ದೋಣಿಗೆ ಡಾಮರು ಬಳಿಯುವ ಮೊದಲು

ಕುದ್ರುವಿನ ರೈತ ಮಿತ್ರರಿಗೆ, ಮಳೆ ಹಿಡಿಯುವ ಮೊದಲು ಒಂದು ಮಾತು. ರಿವೆಟ್ ಹೊಡೆದ ಹಳೇ ಅಲ್ಯೂಮಿನಿಯಂ ದೋಣಿ ಇರುವ ಮನೆ ನಮ್ಮಲ್ಲಿ ನಾಲ್ಕೈದು ಉಂಟು. ಹಾಲಿನ ಕ್ಯಾನು, ತೆಂಗಿನಕಾಯಿ, ಶಾಲೆ ಮಕ್ಕಳು ಎಲ್ಲ ದಾಟುವುದು ಅದರಲ್ಲೇ. ತಳದಲ್ಲಿ ನೀರು ಬರುತ್ತದೆ, ಒಬ್ಬರು ಹುಟ್ಟು ಹಾಕುವುದು, ಇನ್ನೊಬ್ಬರು ಮೊಗೆದು ಚೆಲ್ಲುವುದು. "ಇಷ್ಟು ವರ್ಷ ಹೀಗೇ ನಡೆದಿದೆ ಮಾರಾಯ್ರೆ" ಅಂತಾರೆ. ಬೇಸಿಗೆಯಲ್ಲಿ ನಡೆದೀತು. ಆಟಿಯ ಕೆಂಪು ನೀರಿನ ಸೆಳೆತದಲ್ಲಿ, ದೋಣಿಯಲ್ಲಿ ಮಕ್ಕಳು ಮಾತ್ರ ಇದ್ದರೆ ಮೊಗೆಯುವುದು ಯಾರು?

ಡಾಮರು ಬಳಿದರೆ ಆಯ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಮರದ ದೋಣಿಯ ಕಾಲದ ಬುದ್ಧಿ. ಮರ ನೀರು ಕುಡಿದು ಉಬ್ಬುತ್ತದೆ, ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿಂದ ಗೇರೆಣ್ಣೆ ಹಚ್ಚಿದರೆ ಸಾಕಿತ್ತು. ತಗಡು ಉಬ್ಬುವುದುಂಟಾ? ಮೇಲಾಗಿ ಡಾಮರು ಒಳಗೆ ಹೊಕ್ಕ ಸಂದಿಯಲ್ಲಿ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ, ವೆಲ್ಡಿಂಗೂ ಕೂರುವುದಿಲ್ಲ.

ಮೊದಲು ಸೋರುವ ಜಾಗ ಗೊತ್ತಾಗಬೇಕು. ದೋಣಿಯನ್ನು ದಡಕ್ಕೆ ಎಳೆದು ಹಳೇ ಟಯರುಗಳ ಮೇಲೆ ಕೂರಿಸಿ, ಒಳಗೆ ನಾಲ್ಕು ಬೆರಳು ನೀರು ತುಂಬಿಸಿ. ಹೆಚ್ಚು ಬೇಡ, ಭಾರಕ್ಕೆ ತಳ ಬಗ್ಗುತ್ತದೆ. ಹೊರಗಿಂದ ಒಣಬಟ್ಟೆಯಲ್ಲಿ ಒರೆಸಿ ಕಾಯಿರಿ. ಹನಿ ಕಂಡಲ್ಲಿ ಗುರುತು ಹಾಕಿ. ಹೆಚ್ಚಿನ ಸಲ ತಗಡು ತೂತಾಗಿರುವುದಿಲ್ಲ, ರಿವೆಟ್ ಸಡಿಲವಾಗಿರುತ್ತದೆ. ನೀರು ಖಾಲಿ ಮಾಡಿ, ಒಬ್ಬ ಹೊರಗಿಂದ ರಿವೆಟ್ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬ ಒಳಗಿಂದ ಸುತ್ತಿಗೆಯಲ್ಲಿ ಹದವಾಗಿ ಬಡಿಯಬೇಕು. ಬಿಗಿಯಾಗದೆ ಇದ್ದರೆ ಕೊರೆದು ತೆಗೆದು, ಸ್ವಲ್ಪ ದಪ್ಪದ ಅಲ್ಯೂಮಿನಿಯಂ ರಿವೆಟ್ಟನ್ನೇ ಹಾಕಬೇಕು. ಗನ್ನಿನಲ್ಲಿ ಹೊಡೆಯುವ ಮಾಮೂಲಿ ಪಾಪ್ ರಿವೆಟ್ ಬೇಡ, ಅದರ ನಡುವಿನಲ್ಲೇ ನೀರು ಬರುತ್ತದೆ. ಕಬ್ಬಿಣದ್ದೋ ಹಿತ್ತಾಳೆಯದ್ದೋ ಬೋಲ್ಟ್ ಅಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ನಮ್ಮ ಹೊಳೆಗೆ ಉಪ್ಪುನೀರು ಏರುತ್ತದೆ. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡಿದ್ದರೆ ಸವೆಯುವುದು ಅಲ್ಯೂಮಿನಿಯಂ.

ಗೇಟು ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ಯುವವರೂ ಇದ್ದಾರೆ. ನೆರೆಮನೆಯ ದೋಣಿಯಲ್ಲಿ ಸೂಜಿಯಷ್ಟಿದ್ದ ತೂತು ಅಲ್ಲಿಂದ ಬರುವಾಗ ನಾಲ್ಕಾಣೆಯಷ್ಟಾಗಿತ್ತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ತೆಳು ಪೊರೆ ಕರಗಲು 2000ಕ್ಕೂ ಮೇಲೆ ಬೇಕು. ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದೂ ಇಲ್ಲ. ಬಿರುಕು ಬಿಟ್ಟಿದ್ದರೆ ಆರ್ಗಾನ್ ವೆಲ್ಡಿಂಗ್ ಗೊತ್ತಿದ್ದವರ ಹತ್ತಿರವೇ ಹೋಗಿ. ರಿವೆಟ್ ಸಾಲಿನ ಪಕ್ಕದಲ್ಲಿ ಅದೂ ಬೇಡ, ಬಿಸಿಗೆ ಪಕ್ಕದವೂ ಸಡಿಲ ಆಗ್ತವೆ.

ಎಪಾಕ್ಸಿ ಅಂಟು ತುರ್ತಿಗೆ ಅಡ್ಡಿಯಿಲ್ಲ. ಉಜ್ಜಿ ಹೊಳಪು ಬರಿಸಿ, ಪೂರ್ತಿ ಒಣಗಿಸಿ ಹಚ್ಚಬೇಕು. ಒದ್ದೆ ತಳಕ್ಕೆ ಮೆತ್ತಿದ್ದು ವಾರಕ್ಕೆ ಏಳುತ್ತದೆ.

ಒಬ್ಬೊಬ್ಬರೇ ಮಾಡುವ ಕೆಲಸ ಇದಲ್ಲ. ಬರುವ ಭಾನುವಾರ ನಮ್ಮ ದೋಣಿ ದಡಕ್ಕೆ ಹಾಕುತ್ತೇನೆ. ಭಾರದ ಕಬ್ಬಿಣ, ರಿವೆಟ್ ನನ್ನ ಹತ್ತಿರ ಉಂಟು. ನಿಮ್ಮದನ್ನೂ ತನ್ನಿ, ಎಳೆಯಲು ಜನ ಆದರೆ ಒಂದೇ ದಿನದಲ್ಲಿ ಎರಡು ದೋಣಿ ಮುಗಿಸಬಹುದು. ಮಧ್ಯಾಹ್ನದ ಗಂಜಿ ನಮ್ಮಲ್ಲೇ.