ಪರದೇಶದ ಉಮೇದುವಾರಿ: ನೆಟ್‌ವರ್ಕ್ ವಿದ್ಯೆಯನ್ನು ಕಲಿಯಹೋದ ಮಕ್ಕಳ ವಿಷಯ

ಕಡಲಾಚೆಯ ವಿಶ್ವವಿದ್ಯಾನಿಲಯಕ್ಕೆ ಮಗನನ್ನೋ ಮಗಳನ್ನೋ ಕಳುಹಿಸಿದ ಮನೆಗಳಲ್ಲಿ ಆರು ತಿಂಗಳು ಕಳೆಯುವುದರೊಳಗಾಗಿ ಒಂದು ಪ್ರಶ್ನೆ ಹುಟ್ಟುವುದುಂಟು: “ಕೆಲಸವೇನಾದರೂ ಸಿಕ್ಕಿತೆ?” ಬ್ಯಾಂಕಿನಿಂದ ಸಾಲವೆತ್ತಿ, ಇದ್ದೊಂದು ಮನೆಯನ್ನು ಅಡವಿಟ್ಟು ಕಳುಹಿಸಿದ ತಂದೆತಾಯಿಗಳು ಹೀಗೆ ಕೇಳುವುದು ಸಹಜವೇ ಸರಿ. ಆದರೆ ಅಲ್ಲಿಯ ಕಟ್ಟಳೆಗಳನ್ನರಿಯದೆ ದಿನದಿನವೂ ಕೇಳತೊಡಗಿದಲ್ಲಿ, ಆ ಪ್ರಶ್ನೆಯೇ ಮಕ್ಕಳನ್ನು ಅಡ್ಡದಾರಿಗೆ ನೂಕುವ ಸಂಭವವುಂಟು. ಆದಕಾರಣ, ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಟ್‌ವರ್ಕ್ ನಿರ್ವಹಣೆಯನ್ನು ವ್ಯಾಸಂಗಮಾಡುವ ವಿದೇಶೀ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ದೊರೆಯುವ ಬಗೆಯನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ನಮ್ಮ ವಾಚಕರಲ್ಲಿ ಅರಿಕೆಮಾಡುತ್ತೇವೆ.

ನಮ್ಮ ಹಿರಿಯರ ಕಾಲದಲ್ಲಿ ಕಚೇರಿಗಳಲ್ಲಿ ಉಮೇದುವಾರಿ ಮಾಡಿ ಕೆಲಸ ಕಲಿಯುವ ವಾಡಿಕೆಯಿದ್ದಿತು. ಇಂಟರ್ನ್‌ಶಿಪ್ ಎಂಬುದೂ ಬಹುಮಟ್ಟಿಗೆ ಅದೇ. ಇನ್ನು ನೆಟ್‌ವರ್ಕ್ ನಿರ್ವಾಹಕನ ಕೆಲಸವೇನೆಂದರೆ, ಆಸ್ಪತ್ರೆ, ಬ್ಯಾಂಕು, ಕಾಲೇಜು ಮೊದಲಾದೆಡೆಗಳಲ್ಲಿ ನೂರಾರು ಕಂಪ್ಯೂಟರುಗಳನ್ನು ಒಂದಕ್ಕೊಂದು ಹೆಣೆದಿರುವ ರೂಟರು, ಸ್ವಿಚ್ಚು, ಕೇಬಲ್ಲುಗಳನ್ನು ಹಗಲಿರುಳೂ ಸುಸ್ಥಿತಿಯಲ್ಲಿಡುವುದು. ಮನೆಯ ಬೀಗದಕೈ ಗೊಂಚಲು ಯಾರ ಸೊಂಟದಲ್ಲಿದೆಯೋ ಅವರಂತೆ, ಈ ಕೆಲಸದವನು ಸಂಸ್ಥೆಯ ಎಲ್ಲ ಬಾಗಿಲುಗಳನ್ನೂ ತೆರೆಯಬಲ್ಲನು. ಮೂರು ತಿಂಗಳಿಗೆಂದು ಬಂದ ಅಪರಿಚಿತನ ಕೈಗೆ ಬೀಗದಕೈ ಕೊಡಲು ಯಾವ ಯಜಮಾನನೂ ಹಿಂದೆಮುಂದೆ ನೋಡುವನಷ್ಟೆ. ಅಲ್ಲದೆ, ಅಲ್ಲಿಯ ಕೇಂದ್ರ ಸರ್ಕಾರದ ಕಚೇರಿಗಳಲ್ಲಿಯೂ, ಸೈನ್ಯದ ಗುತ್ತಿಗೆ ಹಿಡಿದ ಕಂಪೆನಿಗಳಲ್ಲಿಯೂ ಇಂತಹ ಸ್ಥಾನಗಳು ಬಹುತೇಕ ಆ ದೇಶದ ಪ್ರಜೆಗಳಿಗೇ ಮೀಸಲು. ಹೀಗಿರುವಲ್ಲಿ, ಮಗ ಹತ್ತಾರು ಅರ್ಜಿ ಹಾಕಿದರೂ ಉತ್ತರ ಬಾರದಿದ್ದರೆ ಅದು ಅವನ ಸೋಮಾರಿತನವೆಂದು ತಿಳಿಯತಕ್ಕದ್ದಲ್ಲ.

ಇನ್ನು ಕಾನೂನಿನ ಮಾತು. ಎಫ್-೧ ವೀಸಾದ ಮೇಲೆ ಹೋದ ವಿದ್ಯಾರ್ಥಿಯು ಪಾಠಗಳು ನಡೆಯುವ ಕಾಲದಲ್ಲಿ ತನ್ನ ವಿಶ್ವವಿದ್ಯಾನಿಲಯದ ಆವರಣದೊಳಗೆ ವಾರಕ್ಕೆ ೨೦ ಗಂಟೆಗಳ ಮಟ್ಟಿಗೆ ದುಡಿಯಬಹುದು. ರಜೆಗಳಲ್ಲಿ ಪೂರ್ತಿಕಾಲ ದುಡಿಯಬಹುದು. ಹೊರಗಿನ ಸಂಸ್ಥೆಯಲ್ಲಿ ಉಮೇದುವಾರಿ ಮಾಡಲು ಸಿ.ಪಿ.ಟಿ. ಎಂಬ ಅಪ್ಪಣೆ ಬೇಕು. ಸಾಧಾರಣವಾಗಿ ಒಂದು ಪೂರ್ಣ ವಿದ್ಯಾವರ್ಷ ಮುಗಿಯುವವರೆಗೆ ಇದು ದೊರೆಯದು. ಕೆಲಸವು ವ್ಯಾಸಂಗದ ಅಂಗವಾಗಿರಬೇಕು. ಯಾವ ಸಂಸ್ಥೆ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಐ-೨೦ ಎಂಬ ಪತ್ರದಲ್ಲಿ ನಮೂದಾಗಬೇಕು. ಹಾಗೆ ನಮೂದಾಗುವ ಮುನ್ನ ಒಂದು ದಿನ ದುಡಿದರೂ ಅದು ತಪ್ಪೇ. ಪೂರ್ತಿಕಾಲದ ಸಿ.ಪಿ.ಟಿ.ಯನ್ನು ೧೨ ತಿಂಗಳು ಬಳಸಿಬಿಟ್ಟವರಿಗೆ, ವ್ಯಾಸಂಗದ ತರುವಾಯ ದೊರೆಯತಕ್ಕ ಓ.ಪಿ.ಟಿ. ಎಂಬ ೧೨ ತಿಂಗಳ ಅವಕಾಶವು ಕೈತಪ್ಪುವುದು. ಈ ಓ.ಪಿ.ಟಿ.ಗೆ ವ್ಯಾಸಂಗ ಮುಗಿಯುವ ೯೦ ದಿನ ಮುಂಚಿನಿಂದ, ಮುಗಿದ ೬೦ ದಿನಗಳೊಳಗಾಗಿ ಅರ್ಜಿ ಸಲ್ಲಿಸಬೇಕು. ನೆಟ್‌ವರ್ಕ್ ನಿರ್ವಹಣೆಯು ವಿಜ್ಞಾನ-ತಂತ್ರಜ್ಞಾನದ ಪಟ್ಟಿಗೆ ಸೇರಿರುವುದರಿಂದ, ೨೦೧೬ನೆಯ ಇಸವಿಯ ನಿಯಮದಂತೆ ಇನ್ನೂ ೨೪ ತಿಂಗಳ ವಿಸ್ತರಣೆಯನ್ನು ಕೇಳಿಕೊಳ್ಳುವ ಮಾರ್ಗವುಂಟು. ಈ ಕಟ್ಟಳೆಗಳು ತಿದ್ದುಪಡಿಯಾಗತಕ್ಕವು. ಸ್ನೇಹಿತರ ಮಾತಿಗಿಂತ ವಿಶ್ವವಿದ್ಯಾನಿಲಯದ ವಿದೇಶೀ ವಿದ್ಯಾರ್ಥಿಗಳ ಕಚೇರಿಯ ಮಾತೇ ಪ್ರಮಾಣ.

ಈ ಲೆಕ್ಕವನ್ನು ಪಂಚಾಂಗದ ಮೇಲಿಟ್ಟು ನೋಡೋಣ. ಆಗಸ್ಟಿನಲ್ಲಿ ಹೋಗಿ ಸೇರಿದವನಿಗೆ ವಿದ್ಯಾವರ್ಷ ಮುಗಿಯುವುದು ಮುಂದಿನ ಮೇ ತಿಂಗಳಿನಲ್ಲಿ. ಆದ್ದರಿಂದ ಆ ಬೇಸಗೆಯೇ ಅವನ ಉಮೇದುವಾರಿಯ ಕಾಲ. ಆದರೆ ದೊಡ್ಡ ಕಂಪೆನಿಗಳಲ್ಲಿ ಅನೇಕವು ಬೇಸಗೆಯ ಸ್ಥಾನಗಳಿಗೆ ಹಿಂದಿನ ಆಗಸ್ಟ್ ಸೆಪ್ಟೆಂಬರಿನಲ್ಲಿಯೇ ಅರ್ಜಿ ಕರೆಯುತ್ತವೆ. ಊರು ಬಿಟ್ಟ ಹುಡುಗನು ಅಲ್ಲಿಯ ಚಳಿಗೆ ಕಂಬಳಿ ಕೊಳ್ಳುವ ಮೊದಲೇ ಅರ್ಜಿ ಬರೆಯತಕ್ಕವನಾಗಿರುವನು. ಹೊರಡುವ ಮುನ್ನವೇ ಅರ್ಜಿಯ ಪತ್ರಗಳನ್ನು ಸಿದ್ಧಮಾಡಿಕೊಂಡು ಹೋಗುವುದು ಮೇಲು.

ಮೊದಲನೆಯ ವರ್ಷ ಕೈಕಟ್ಟಿ ಕುಳಿತಿರಬೇಕೆಂದಲ್ಲ. ವಿಶ್ವವಿದ್ಯಾನಿಲಯವೇ ಒಂದು ಊರಿನಂತಹುದು. ಅದರ ವಿದ್ಯಾರ್ಥಿನಿಲಯಗಳಿಗೆ, ಪುಸ್ತಕಭಂಡಾರಕ್ಕೆ, ಪ್ರಯೋಗಶಾಲೆಗಳಿಗೆ ಸಾವಿರಾರು ಯಂತ್ರಗಳು ಹೆಣೆದುಕೊಂಡಿರುತ್ತವೆ. ಅವುಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ವಿದ್ಯಾರ್ಥಿಗಳಿಗೆ ಕೆಲಸವುಂಟು. ಆವರಣದೊಳಗಿನ ಕೆಲಸವಾದ್ದರಿಂದ ಸಿ.ಪಿ.ಟಿ. ಬೇಕಿಲ್ಲ. ದೂರು ಹೇಳಬಂದವರಿಗೆ ಫೋನಿನಲ್ಲಿ ಉತ್ತರ ಕೊಡುವುದು, ಕೇಬಲ್ಲುಗಳಿಗೆ ಚೀಟಿ ಅಂಟಿಸುವುದು, ಕೆಟ್ಟ ಸ್ವಿಚ್ಚನ್ನು ಬದಲಾಯಿಸುವುದು ಇವೇ ಆರಂಭದ ಕೆಲಸಗಳು. ಇದನ್ನು ಹೀನವೆಂದೆಣಿಸಬಾರದು. ಬೀಗದಕೈಯನ್ನು ನಂಬಿ ಕೊಡಬಹುದಾದ ಮನುಷ್ಯನೆಂದು ಹೆಸರು ಬರುವುದು ಇಲ್ಲಿಯೇ. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾನಿಲಯದಲ್ಲಿ ೧೯೮೮ರಲ್ಲಿ ಸ್ಥಾಪಿತವಾದ ಪ್ರಯೋಗಶಾಲೆಯೊಂದರಲ್ಲಿ, ಬೇರೆ ಬೇರೆ ಕಂಪೆನಿಗಳ ನೆಟ್‌ವರ್ಕ್ ಸಾಮಗ್ರಿಗಳು ಒಂದರೊಡನೊಂದು ಹೊಂದಿ ನಡೆಯುವುವೇ ಎಂಬುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸುತ್ತಾರೆ. ವಿಶ್ವವಿದ್ಯಾನಿಲಯವನ್ನು ಆರಿಸಿಕೊಳ್ಳುವಾಗಲೇ ಇಂತಹ ಅನುಕೂಲವನ್ನು ವಿಚಾರಿಸತಕ್ಕದ್ದು.

ಕೈಯಲ್ಲಿ ಕಸಬು ಇರಬೇಕೆಂಬುದನ್ನು ಹೇಳಬೇಕಾದುದಿಲ್ಲ. ಸಿಸ್ಕೊ ಕಂಪೆನಿಯ ಸಿ.ಸಿ.ಎನ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಅರ್ಜಿಗೆ ತೂಕ ಹೆಚ್ಚು. ಅದೇ ಕಂಪೆನಿಯ ಪ್ಯಾಕೆಟ್ ಟ್ರೇಸರ್ ಎಂಬ ಅಭ್ಯಾಸದ ಸಾಧನವೂ, ವೈರ್‌ಶಾರ್ಕ್ ಎಂಬ ಪರಿಶೀಲನೆಯ ಸಾಧನವೂ ಪುಕ್ಕಟೆಯಾಗಿ ದೊರೆಯುತ್ತವೆ. ಸಂದರ್ಶನದಲ್ಲಿ ಕೇಳುವುದು ವ್ಯಾಖ್ಯೆಗಳನ್ನಷ್ಟೇ ಅಲ್ಲ. ಒಂದು ಕಂಪ್ಯೂಟರಿಗೆ ೧೬೯.೨೫೪ ಎಂದು ಮೊದಲಾಗುವ ವಿಳಾಸ ಬಂದಿದೆ, ಏನಾಗಿರಬಹುದು ಎಂದು ಕೇಳುತ್ತಾರೆ. ವಿಳಾಸ ಹಂಚುವ ಡಿ.ಎಚ್.ಸಿ.ಪಿ. ಸರ್ವರಿನಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆಯೆಂದೂ, ಮೊದಲು ಕೇಬಲ್ಲು, ಬಳಿಕ ಸ್ವಿಚ್ಚು, ಅನಂತರ ಸರ್ವರು ಎಂದು ಕ್ರಮವಾಗಿ ನೋಡುವೆನೆಂದೂ ಹೇಳಬಲ್ಲವನು ಕೆಲಸ ಮಾಡಬಲ್ಲನೆಂದು ಎದುರು ಕುಳಿತವರಿಗೆ ಮನವರಿಕೆಯಾಗುವುದು.

ಅರ್ಜಿಗಳಲ್ಲಿ ಎರಡು ಪ್ರಶ್ನೆಗಳಿರುತ್ತವೆ: ಈ ದೇಶದಲ್ಲಿ ಕೆಲಸಮಾಡಲು ನಿಮಗೆ ಅಧಿಕಾರವಿದೆಯೇ? ಈಗಲಾಗಲಿ ಮುಂದಾಗಲಿ ವೀಸಾದ ಸಲುವಾಗಿ ನಮ್ಮ ನೆರವು ಬೇಕಾಗುವುದೇ? ಎರಡನೆಯದಕ್ಕೆ ಹೌದೆಂದರೆ ಅರ್ಜಿ ಬದಿಗೆ ಬೀಳುವುದೆಂಬ ಭಯದಿಂದ ಸುಳ್ಳು ಬರೆಯುವವರುಂಟು. ಇದು ಸರ್ವಥಾ ಕೂಡದು. ಬೇಸಗೆಯ ಉಮೇದುವಾರಿಗೆ ಸಿ.ಪಿ.ಟಿ. ಸಾಕು, ಕಂಪೆನಿಗೆ ವೀಸಾದ ವೆಚ್ಚ ತಗಲುವುದಿಲ್ಲ ಎಂಬ ಸಂಗತಿಯನ್ನು ಅರಿಯದ ಯಜಮಾನರೂ ಇದ್ದಾರೆ. ನಿಜವನ್ನು ಬರೆದು, ಈ ಸಂಗತಿಯನ್ನು ಎರಡು ವಾಕ್ಯಗಳಲ್ಲಿ ವಿನಯದಿಂದ ವಿವರಿಸುವುದೇ ಯುಕ್ತ.

ಕಡೆಯದಾಗಿ, ದಲ್ಲಾಳಿಗಳ ವಿಷಯ. ಹಣ ಕೊಟ್ಟರೆ ಕೆಲಸದ ಕಾಗದ ಕೊಡುತ್ತೇವೆ, ಪಾಠಕ್ಕೆ ಹೋಗದೆಯೇ ಸಿ.ಪಿ.ಟಿ. ಕೊಡಿಸುತ್ತೇವೆ ಎನ್ನುವವರು ಹೇರಳ. ೨೦೧೯ನೆಯ ಜನವರಿಯಲ್ಲಿ ಮಿಷಿಗನ್ ಸಂಸ್ಥಾನದ ‘ಫಾರ್ಮಿಂಗ್ಟನ್ ವಿಶ್ವವಿದ್ಯಾನಿಲಯ’ದ ಗುಟ್ಟು ಬಯಲಾಯಿತು. ಅಲ್ಲಿ ಉಪಾಧ್ಯಾಯರೂ ಇರಲಿಲ್ಲ, ತರಗತಿಗಳೂ ಇರಲಿಲ್ಲ. ಅದನ್ನು ನಡೆಸುತ್ತಿದ್ದವರು ಸರ್ಕಾರದ ಗುಪ್ತ ಅಧಿಕಾರಿಗಳು. ಶುಲ್ಕ ತೆತ್ತು ಸೇರಿದ್ದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಅವರಲ್ಲಿ ಬಹುತೇಕರು ನಮ್ಮ ದೇಶದವರು. ತಿಳಿದು ಸೇರಿದವರೆಷ್ಟು, ಮೋಸಹೋದವರೆಷ್ಟು ಎಂಬ ವಿವಾದ ನ್ಯಾಯಸ್ಥಾನದವರೆಗೂ ಹೋಯಿತು. ಆದರೆ ಊರಿನಲ್ಲಿ ಸಾಲ ಮಾಡಿದವರಿಗೆ ಹೋದ ಹಣ, ಮಕ್ಕಳಿಗೆ ಹೋದ ವರ್ಷಗಳು ಬರುವುವೇ?

ಇಂತಹ ದಲ್ಲಾಳಿಯ ಬಾಗಿಲಿಗೆ ಹುಡುಗನು ಹೋಗುವುದು ದುರಾಶೆಯಿಂದಲೇ ಎಂದು ನಾವು ನಂಬುವುದಿಲ್ಲ. ಕಂತಿನ ದಿನ ಬಂದಿದೆ, ನೆರೆಮನೆಯವರ ಮಗಳಿಗೆ ಕೆಲಸವಾಗಿದೆ, ಅಪ್ಪನಿಗೆ ಏನು ಹೇಳಲಿ ಎಂಬ ಸಂಕಟವು ಅನೇಕರನ್ನು ಅಲ್ಲಿಗೆ ಎಳೆದೊಯ್ಯುತ್ತದೆ. ಆದಕಾರಣ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಸಾಲದ ಲೆಕ್ಕ ಹಾಕುವಾಗ ಉಮೇದುವಾರಿಯ ಸಂಬಳವನ್ನು ಆದಾಯವೆಂದು ಹಿಡಿಯಬೇಡಿರಿ, ಮೊದಲ ವರ್ಷ ಹೊರಗಿನ ಕೆಲಸವಿಲ್ಲವೆಂದೇ ಎಣಿಸಿರಿ. ಫೋನಿನಲ್ಲಿ ಮಾತನಾಡುವಾಗ ಕೆಲಸ ಸಿಕ್ಕಿತೆ ಎಂದು ಕೇಳುವುದಕ್ಕೆ ಬದಲಾಗಿ, ಈ ವಾರ ಏನು ಕಲಿತೆ, ಕಚೇರಿಯಲ್ಲಿ ಯಾರನ್ನು ಕಂಡು ವಿಚಾರಿಸಿದೆ ಎಂದು ಕೇಳಿರಿ. ಕೆಲಸ ಸಿಗದೆ ಹೋದರೂ ಈ ಮನೆಯ ಬಾಗಿಲು ತೆರೆದಿದೆಯೆಂಬುದನ್ನು ಮಕ್ಕಳು ನಿಮ್ಮ ಬಾಯಿಂದಲೇ ಒಮ್ಮೆ ಕೇಳಲಿ. ಆ ಧೈರ್ಯವಿದ್ದವರು ದಲ್ಲಾಳಿಯ ಮಾತಿಗೆ ಸುಲಭವಾಗಿ ಮರುಳಾಗರು.