ಮಾರಾಟಕ್ಕಿಲ್ಲದ ನೆಲದಲ್ಲಿ ಹೊಸ ಬದುಕು

ಪೇಟೆಯ ಬದುಕನ್ನು ತೊರೆದು ಹಳ್ಳಿಯ ಹೊಲಮನೆಯಲ್ಲಿ ನೆಲೆಸಿದ ಕುಟುಂಬಗಳ ಕಥೆಗಳಿಗೆ ಓದುಗರ ಕೊರತೆಯಿಲ್ಲ. ದಂಪತಿಗಳ ಧೈರ್ಯ, ಮೊದಲ ಚಳಿಗಾಲದ ಕಷ್ಟ, ಮೊದಲ ಬೆಳೆಯ ಸಂತೋಷ ಅವುಗಳಲ್ಲಿ ತುಂಬಿರುತ್ತವೆ. ಆದರೆ ಆ ನೆಲ ಅವರಿಗೆ ದೊರೆತದ್ದು ಹೇಗೆ, ಅವರ ಮೈಯ ಕಸುವು ಉಡುಗಿದ ಮೇಲೆ ಅದು ಯಾರ ಪಾಲಾಗುತ್ತದೆ ಎಂಬ ಎರಡು ಪ್ರಶ್ನೆಗಳು ಬಹುಮಟ್ಟಿಗೆ ಬದಿಗೆ ಸರಿಯುತ್ತವೆ. ಹಳ್ಳಿಯೊಂದು ಉಳಿಯುವುದೂ ಅಳಿಯುವುದೂ ಈ ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿದೆ. ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಪ್ರಸ್ಥಭೂಮಿಯ ಅನುಭವ ಇದಕ್ಕೆ ಸಾಕ್ಷಿ.

ಲಾರ್ಜಾಕ್ ಸುಣ್ಣಕಲ್ಲಿನ ಎತ್ತರದ ಬಯಲು. ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ನೆಲದ ಮೇಲೆ ಹರಿಯುವ ನೀರು ಅಪರೂಪ. ತಗ್ಗುಗಳಿಗೆ ಕಲ್ಲು ಹಾಸಿ ಹಿಂದಿನವರು ಕಟ್ಟಿದ ಕುರಿಗಳ ಕೊಳಗಳು ಇಂದಿಗೂ ಅಲ್ಲಿವೆ. ಮಣ್ಣು ತೆಳು, ಚಳಿಗಾಲ ಕಠಿಣ. ಲಕೋನ್ ತಳಿಯ ಕುರಿಗಳ ಹಾಲೇ ಇಲ್ಲಿನ ಮುಖ್ಯ ಜೀವನಾಧಾರ. ಸಮೀಪದ ಗುಹೆಗಳಲ್ಲಿ ಹದಗೊಳ್ಳುವ ರೋಕ್‌ಫೋರ್ ಚೀಸ್ ಈ ಹಾಲಿನದೇ. ಅದರ ಹೆಸರಿಗೆ 1925ರಷ್ಟು ಹಿಂದೆಯೇ ಕಾನೂನಿನ ರಕ್ಷಣೆ ದೊರೆತಿತ್ತು.

1971ರಲ್ಲಿ ರಕ್ಷಣಾ ಸಚಿವ ಮಿಶೆಲ್ ದೆಬ್ರೆ ಅಲ್ಲಿನ ಸುಮಾರು 3,000 ಹೆಕ್ಟೇರಿನ ಸೇನಾ ಶಿಬಿರವನ್ನು 17,000 ಹೆಕ್ಟೇರಿಗೆ ವಿಸ್ತರಿಸುವುದಾಗಿ ಘೋಷಿಸಿದರು. ಬಯಲು ಬಂಜರು, ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲವೆಂಬುದು ರಾಜಧಾನಿಯ ಎಣಿಕೆಯಾಗಿತ್ತು. 1972ರ ಮಾರ್ಚಿಯಲ್ಲಿ ಗಾಂಧೀಜಿಯವರ ಶಿಷ್ಯ ಲಾಂಜಾ ದೆಲ್ ವಾಸ್ತೊ ಶಿಬಿರದ ಬಳಿಯ ಲಾ ಕವಲರಿ ಊರಿನಲ್ಲಿ 15 ದಿನ ಉಪವಾಸ ಕುಳಿತರು. 1930ರ ದಶಕದಲ್ಲಿ ವಾರ್ಧಾದಲ್ಲಿ ಗಾಂಧೀಜಿಯೊಡನಿದ್ದು 'ಶಾಂತಿದಾಸ' ಎಂಬ ಹೆಸರು ಪಡೆದವರು ಅವರು. ಅದೇ ತಿಂಗಳು 103 ಕೃಷಿಕರು ತಮ್ಮ ನೆಲವನ್ನು ಸೇನೆಗೆ ಮಾರುವುದಿಲ್ಲವೆಂದು ಪ್ರತಿಜ್ಞೆ ಕೈಗೊಂಡರು. ದೇಶದ ಬೇರೆಡೆಗಳ ಬೆಂಬಲಿಗರು ಚಿಕ್ಕ ಚಿಕ್ಕ ಪಾಲುಗಳನ್ನು ಕೊಂಡು ಅಲ್ಲಿನ ಜಮೀನಿಗೆ ಸಹಭಾಗಿಗಳಾದರು. ಒಡೆಯರ ಸಂಖ್ಯೆ ಬೆಳೆದಂತೆ ಸ್ವಾಧೀನದ ಕಾಗದಪತ್ರವೂ ಜಟಿಲವಾಯಿತು.

ಹೊಸ ಕುಟುಂಬಗಳು ಈ ಬಯಲಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಅವುಗಳಲ್ಲೊಂದು ಜೋಸೆ ಬೋವೆ ಮತ್ತು ಅವರ ಪತ್ನಿಯದು. ಬೋವೆ ರೈತ ಮನೆತನದವರಲ್ಲ. ತಂದೆ ತಾಯಿ ಇಬ್ಬರೂ ಕೃಷಿ ಸಂಶೋಧಕರು; ಕೊಡಗಿನ ಕಿತ್ತಳೆ ತೋಟಗಳನ್ನೂ ಸೊರಗಿಸಿದ ಗ್ರೀನಿಂಗ್ ರೋಗದ ಅಧ್ಯಯನಕ್ಕೆ ತಂದೆ ಹೆಸರಾದವರು. 1976ರಲ್ಲಿ ಈ ದಂಪತಿ ಮೊಂತ್ರೆದೊ ಎಂಬ ಕೊಂಪೆಯಲ್ಲಿ, ಸೇನೆ ಕೊಂಡು ಪಾಳುಬಿಟ್ಟಿದ್ದ ಹೊಲಮನೆಯನ್ನು ಅನುಮತಿಯಿಲ್ಲದೆ ಹೊಕ್ಕು ನೆಲೆಸಿದರು. ಅಲ್ಲಿ ನಲ್ಲಿ ನೀರಿರಲಿಲ್ಲ, ವಿದ್ಯುತ್ತಿರಲಿಲ್ಲ, ದೂರವಾಣಿಯೂ ಇರಲಿಲ್ಲ. ಅದೇ ವರ್ಷ ಸೇನಾ ಶಿಬಿರದ ಕಚೇರಿಗೆ ನುಗ್ಗಿದ್ದಕ್ಕಾಗಿ ಬೋವೆ ಜೈಲಿಗೂ ಹೋದರು. ಆದರೂ ಕುಟುಂಬ ಅಲ್ಲಿಯೇ ಕುರಿ ಸಾಕಿತು, ಮಕ್ಕಳನ್ನು ಬೆಳೆಸಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದೊಂದು ಸಾಹಸಕಥೆ ಮಾತ್ರ. ಮುಂದೆ ನಡೆದದ್ದು ಹೆಚ್ಚು ಮುಖ್ಯವಾದುದು. 1981ರಲ್ಲಿ ಫ್ರಾಂಸ್ವಾ ಮಿತ್ತೆರಾಂ ಅಧ್ಯಕ್ಷರಾದೊಡನೆ ವಿಸ್ತರಣಾ ಯೋಜನೆ ರದ್ದಾಯಿತು. ಸೇನೆಗಾಗಿ ಕೊಂಡಿದ್ದ ಸುಮಾರು 6,300 ಹೆಕ್ಟೇರನ್ನು ಏನು ಮಾಡುವುದೆಂಬ ಪ್ರಶ್ನೆ ಆಗ ಎದ್ದಿತು. ಹಂಚಿ ಮಾರಬಹುದಿತ್ತು. ಕೃಷಿಕರು ಅದನ್ನು ಬಯಸಲಿಲ್ಲ. 1985ರಲ್ಲಿ ಆ ನೆಲವನ್ನು ಕೃಷಿಕರೇ ರಚಿಸಿಕೊಂಡ 'ಲಾರ್ಜಾಕ್ ಭೂಮಿಗಳ ಸಂಘ'ಕ್ಕೆ ಸರ್ಕಾರ ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. 2013ರಲ್ಲಿ ಆ ಅವಧಿ 2083ರವರೆಗೆ ವಿಸ್ತರಣೆಗೊಂಡಿತು. ಒಡೆತನ ಸರ್ಕಾರದ್ದು, ನಿರ್ವಹಣೆ ಸ್ಥಳೀಯರದು, ಉಳುವ ಹಕ್ಕು ಕುಟುಂಬದ್ದು. ಈ ಹಕ್ಕು ಕೃಷಿಕರು ನಿವೃತ್ತರಾಗುವವರೆಗೆ ಭದ್ರ. ಅನಂತರ ಜಮೀನನ್ನೂ ಮನೆಯನ್ನೂ ಬಿಟ್ಟುಕೊಡಬೇಕು. ಸಂಘ ಬೇರೊಂದು ಕುಟುಂಬವನ್ನು ಆರಿಸುತ್ತದೆ.

ಇಲ್ಲಿರುವ ನೋವನ್ನು ಮರೆಮಾಚುವುದು ಸರಿಯಲ್ಲ. ಮೂವತ್ತು ವರ್ಷ ಸೂರು ರಿಪೇರಿ ಮಾಡಿ, ಕಲ್ಲಿನ ಗೋಡೆ ಎತ್ತಿ ಕಟ್ಟಿ, ಮಕ್ಕಳನ್ನು ಬೆಳೆಸಿದ ಮನೆಯನ್ನು ವೃದ್ಧಾಪ್ಯದಲ್ಲಿ ತೊರೆಯುವುದು ಹಗುರವಾದ ಮಾತಲ್ಲ. ಮಾಡಿದ ಸುಧಾರಣೆಗಳ ಬಳಕೆಯ ಬೆಲೆಯನ್ನು ಹೊರಡುವವರಿಗೆ ಕೊಡುವ ಪದ್ಧತಿ ಇದೆ; ಆದರೆ ಬಳಕೆಯ ಬೆಲೆ ಮಾರುಕಟ್ಟೆಯ ಬೆಲೆಯಲ್ಲ. ರಜೆ ಕಳೆಯಲು ಹಳ್ಳಿಮನೆ ಹುಡುಕುವವರು ನೀಡಬಲ್ಲ ಮೊತ್ತದ ಮುಂದೆ ಅದು ಅಲ್ಪವೇ ಸರಿ.

ಆದರೆ ಇದಕ್ಕೆ ಪರ್ಯಾಯವೇನೆಂಬುದನ್ನೂ ನೋಡಬೇಕು. ಫ್ರಾನ್ಸಿನ ಮುಖ್ಯ ಭೂಭಾಗದಲ್ಲಿ 2010ರಲ್ಲಿ ಸುಮಾರು 4.9 ಲಕ್ಷ ಕೃಷಿ ಹಿಡುವಳಿಗಳಿದ್ದವು. 2020ರ ಗಣತಿಯ ವೇಳೆಗೆ ಉಳಿದದ್ದು ಸುಮಾರು 3.9 ಲಕ್ಷ. ಆ ಗಣತಿಯಂತೆ ಹಿಡುವಳಿ ನಡೆಸುವವರಲ್ಲಿ ಶೇಕಡಾ 43ರಷ್ಟು ಮಂದಿ 55 ವರ್ಷ ದಾಟಿದವರು. ಮುದುಕರು ಕೈಬಿಟ್ಟ ನೆಲ ಅನೇಕ ಕಡೆ ನೆರೆಯ ದೊಡ್ಡ ಹಿಡುವಳಿಯಲ್ಲಿ ಕರಗಿಹೋಗುತ್ತದೆ. ಬೇಸಾಯ ಕಲಿತು ಸಿದ್ಧವಾಗಿರುವ ಎಳೆಯ ದಂಪತಿಗೆ ಜಮೀನು, ಕಟ್ಟಡ, ಮಂದೆ ಎಲ್ಲವನ್ನೂ ಕೊಳ್ಳುವ ಬಂಡವಾಳವಿಲ್ಲ. ಕೊಂಡರೂ ಸಾಲದ ಕಂತು ತೀರಿಸಲು ನೆಲವನ್ನು ಅದರ ತ್ರಾಣ ಮೀರಿ ದುಡಿಸಬೇಕಾಗುತ್ತದೆ. ತೆಳು ಮಣ್ಣಿನ ಗುಡ್ಡಗಾಡಿನಲ್ಲಿ ಅದರ ಪರಿಣಾಮ ಬಹುಬೇಗ ಕಾಣುತ್ತದೆ. ಕೊಳ್ಳುವ ಹೊರೆಯಿಲ್ಲದ ಕುಟುಂಬ ಮಾತ್ರವೇ ಹುಲ್ಲು ಎಷ್ಟಿದೆಯೋ ಅಷ್ಟೇ ಕುರಿ ಇಟ್ಟುಕೊಳ್ಳುವ ಸಂಯಮ ತೋರಬಲ್ಲದು. 2003ರಲ್ಲಿ ಹುಟ್ಟಿದ 'ತೆರ್ ದ ಲಿಯಾಂ' ಸಂಸ್ಥೆ ಜನಸಾಮಾನ್ಯರ ಉಳಿತಾಯವನ್ನು ಒಗ್ಗೂಡಿಸಿ ಜಮೀನು ಕೊಂಡು, ಸಾವಯವ ಕೃಷಿಕರಿಗೆ ಗುತ್ತಿಗೆಗೆ ಕೊಡುತ್ತಿರುವುದರ ಹಿಂದೆಯೂ ಇದೇ ವಿವೇಕವಿದೆ.

ಕರ್ನಾಟಕಕ್ಕೆ ಲಾರ್ಜಾಕ್ ತೀರ ಅಪರಿಚಿತವಲ್ಲ. ಬೋವೆ ಸಹಸ್ಥಾಪಕರಾಗಿದ್ದ ಫ್ರೆಂಚ್ ರೈತ ಸಂಘಟನೆಯೂ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘವೂ 'ವಿಯಾ ಕಾಂಪೆಸಿನಾ' ಎಂಬ ಅಂತರರಾಷ್ಟ್ರೀಯ ರೈತ ಒಕ್ಕೂಟದಲ್ಲಿ ಜೊತೆಗೂಡಿದ್ದವು. 1999ರಲ್ಲಿ ಇಲ್ಲಿನ ರೈತರು ಯುರೋಪಿನಲ್ಲಿ ಸಂಚರಿಸಿ ಬಂದರು. ಬೀಜ ಹಾಗೂ ವಿಶ್ವವ್ಯಾಪಾರದ ಪ್ರಶ್ನೆಗಳ ಸುತ್ತ ಬೆಳೆದ ಆ ಸ್ನೇಹದಿಂದ ಇನ್ನೊಂದು ಪಾಠವನ್ನೂ ಪಡೆಯಲು ಅವಕಾಶವಿದೆ. ಹೊಸಬರು ಹಳ್ಳಿಗೆ ಬರಲೆಂದು ಹಾರೈಸಿದರೆ ಸಾಲದು. ಅವರು ದುಡಿದು ಬದುಕುವಷ್ಟು ಕಾಲ ನೆಲ ಅವರದಾಗಿರಬೇಕು, ಅನಂತರ ದುಡಿಯಬಲ್ಲ ಇನ್ನೊಬ್ಬರಿಗೆ ದಕ್ಕಬೇಕು. ಲಾರ್ಜಾಕ್‌ನ ಕೃಷಿಕರು ಗೆದ್ದ ನೆಲವನ್ನು ಹಂಚಿಕೊಳ್ಳದೆ ಉಳಿಸಿಕೊಂಡದ್ದರಿಂದಲೇ ಅಲ್ಲಿ ಇದು ಸಾಧ್ಯವಾಯಿತು.