ಮನೆಯ ವಿದ್ಯೆಗೆ ಪ್ರೌಢಶಾಲೆಯ ಬಾಗಿಲು

ವಿದ್ಯೆಯನ್ನು ಕಲಿತವನಿಗೆ ಅದರ ಮುಂದಿನ ಮೆಟ್ಟಿಲನ್ನು ಏರಲು ಅವಕಾಶವಿರಬೇಕೆಂಬುದನ್ನು ಬಾಯಿಮಾತಿನಲ್ಲಿ ಅಲ್ಲಗಳೆಯುವವರು ಯಾರೂ ಇಲ್ಲ. ಆಚರಣೆಯ ರೀತಿ ಮಾತ್ರ ಬೇರೆಯಾಗಿದೆ. ಏಳೆಂಟು ವರ್ಷ ತಂದೆತಾಯಿಗಳ ಬಳಿಯಲ್ಲಿಯೇ ಓದಿ ಬರೆದು ಬೆಳೆದ ಬಾಲಕನಾಗಲಿ ಬಾಲಿಕೆಯಾಗಲಿ ಹದಿನಾಲ್ಕರ ಪ್ರಾಯದಲ್ಲಿ ಸರಕಾರಿ ಪ್ರೌಢಶಾಲೆಯ ಒಂಬತ್ತನೆಯ ತರಗತಿಯನ್ನು ಸೇರಬೇಕೆಂದು ಬಂದರೆ, ಮೊದಲು ಕೇಳುವ ಪ್ರಶ್ನೆ "ನಿನಗೆ ಏನು ಬರುತ್ತದೆ?" ಎಂಬುದಲ್ಲ, "ನಿನ್ನ ವರ್ಗಾವಣೆಯ ಪತ್ರ ಎಲ್ಲಿ?" ಎಂಬುದು. ಶಾಲೆಯನ್ನೇ ಸೇರದ ಮಗು ಶಾಲೆಯನ್ನು ಬಿಟ್ಟ ಪತ್ರವನ್ನು ಎಲ್ಲಿಂದ ತರಬೇಕು? ಹಿಂದಿನ ಶಾಲೆಯ ಹೆಸರಿಲ್ಲ; ಗಣಕಯಂತ್ರದ ದಾಖಲೆಯಲ್ಲಿ ಸ್ಯಾಟ್ಸ್ ಸಂಖ್ಯೆಯಿಲ್ಲ; ಆದುದರಿಂದ ಆ ಮಗುವಿಗೆ ವಿದ್ಯೆಯೂ ಇಲ್ಲವೆಂದು ತೀರ್ಮಾನವಾಗಿಬಿಡುತ್ತದೆ. ಕಾಗದವು ವಿದ್ಯೆಯ ಗುರುತೆನ್ನುವುದು ಒಪ್ಪತಕ್ಕ ಮಾತು. ಕಾಗದವೇ ವಿದ್ಯೆಯೆನ್ನುವುದು ಅವಿವೇಕ.

ಮನೆಯಲ್ಲಿಯೇ ಮಕ್ಕಳಿಗೆ ವಿದ್ಯೆ ಹೇಳುವ ಸಂಸಾರಗಳು ಈ ನಾಡಿನಲ್ಲಿ ಬಹಳವಿಲ್ಲ. ಇಲ್ಲವೇ ಇಲ್ಲವೆನ್ನುವಂತೆಯೂ ಇಲ್ಲ. ಬಾಯಿಪಾಠದ ಬೋಧನೆಗೆ ಬೇಸತ್ತವರು ಕೆಲವರು. ಮಗುವಿನ ದೇಹಸ್ಥಿತಿಯ ದೆಸೆಯಿಂದ ಮನೆಯನ್ನೇ ಪಾಠಶಾಲೆ ಮಾಡಿಕೊಂಡವರು ಕೆಲವರು. ಊರಿಂದೂರಿಗೆ ತಿರುಗುವ ಉದ್ಯೋಗದವರು ಮತ್ತೆ ಕೆಲವರು. ಇವರೆಲ್ಲರನ್ನೂ ಕಾನೂನು ಮೀರಿದವರೆಂದು ಜರೆಯುವುದು ಸುಲಭ. 2009ನೆಯ ಇಸವಿಯ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾಯಿದೆಯು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ತನ್ನ 10ನೆಯ ಪ್ರಕರಣದಲ್ಲಿ ಹೇಳುವುದು ನಿಜ. ಆದರೆ ಸೇರಿಸದವರಿಗೆ ಅದು ಯಾವ ದಂಡನೆಯನ್ನೂ ವಿಧಿಸಿಲ್ಲ. ಹಿರಿಯರು ತಪ್ಪಿದರೆಂದೇ ಇಟ್ಟುಕೊಂಡರೂ, ಅವರಿಗೆ ವಿಧಿಸದ ದಂಡವನ್ನು ಮಗುವಿಗೆ ವಿಧಿಸುವುದು ಯಾವ ನ್ಯಾಯ?

ಇಂತಹ ಮಕ್ಕಳು ಪ್ರೌಢಶಾಲೆಯನ್ನು ಅರಸಿಕೊಂಡು ಬರುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮಗ್ಗಿ, ಕಥೆ, ಕಾಗುಣಿತ, ನಕ್ಷೆಗಳ ಪರಿಚಯ ಇಷ್ಟು ಮನೆಯಲ್ಲಿ ಆದೀತು. ಬೀಜಗಣಿತವನ್ನೂ ರೇಖಾಗಣಿತವನ್ನೂ ಕ್ರಮವಾಗಿ ಹೇಳಿಕೊಡುವ ಶಕ್ತಿ ಎಲ್ಲ ತಂದೆತಾಯಿಗಳಿಗೂ ಇರಲಾರದು. ಆಮ್ಲ ಕ್ಷಾರಗಳ ಪ್ರಯೋಗಕ್ಕೆ ಅಡಿಗೆಮನೆ ಸಾಲದು. ಅದಕ್ಕೂ ಮಿಗಿಲಾಗಿ, ಆ ಪ್ರಾಯದ ಮಗುವಿಗೆ ಓರಗೆಯವರ ಸಹವಾಸ ಬೇಕು. ತನ್ನದಲ್ಲದ ಜಾತಿಯ, ತನ್ನದಲ್ಲದ ಅಂತಸ್ತಿನ ಮಕ್ಕಳೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುವ ಪಾಠವನ್ನು ಎಂತಹ ಸುಶಿಕ್ಷಿತರ ಮನೆಯೂ ಕಲಿಸಲಾರದು. ಮಗು ತಾನಾಗಿಯೇ ಬಂದು ಇದನ್ನು ಬೇಡುವಾಗ, ಸಾರ್ವಜನಿಕ ಶಾಲೆಯು ಅದನ್ನು ತನ್ನ ಗೆಲುವೆಂದು ಎಣಿಸಬೇಕಲ್ಲದೆ ಉಪದ್ರವವೆಂದು ಎಣಿಸಬಾರದು.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಬೇಕು. 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಶಿಕ್ಷಣದ ಹಕ್ಕು 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಸಂಬಂಧಿಸಿದುದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲ್ಕಂಡ ಕಾಯಿದೆಯ 4ನೆಯ ಪ್ರಕರಣವು, ಶಾಲೆಯನ್ನು ಸೇರದೆಯೇ ಬೆಳೆದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ವಿಷಯಗಳಲ್ಲಿ ವಿಶೇಷ ಶಿಕ್ಷಣವನ್ನು ಕೊಡಬೇಕೆಂದು ವಿಧಿಸುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂದು ತಿರಸ್ಕರಿಸಬಾರದೆಂದೂ, ಸೋಸುವ ಪರೀಕ್ಷೆಗಳನ್ನು ನಡೆಸಬಾರದೆಂದೂ ಆ ಕಾಯಿದೆಯಲ್ಲಿಯೇ ಇದೆ. ಇಷ್ಟೊಂದು ಉದಾರವಾದ ಕಾಯಿದೆಯ ರಕ್ಷಣೆಯು ಎಂಟನೆಯ ತರಗತಿಗೆ ಮುಗಿದುಹೋಗುತ್ತದೆ. ಕರ್ನಾಟಕದಲ್ಲಿ ಪ್ರೌಢಶಾಲೆಯೆಂದರೆ 8ರಿಂದ 10ನೆಯ ತರಗತಿಯವರೆಗೆ. ಒಂದೇ ಕಟ್ಟಡ, ಒಬ್ಬರೇ ಮುಖ್ಯೋಪಾಧ್ಯಾಯರು. ಆದರೆ ಎಂಟನೆಯ ತರಗತಿಯ ಬಾಗಿಲಿನಲ್ಲಿ ನಿಂತ ಮಗುವಿಗೆ ಹಕ್ಕುಂಟು, ಅದರ ಪಕ್ಕದಲ್ಲಿಯೇ ಒಂಬತ್ತನೆಯ ತರಗತಿಯ ಬಾಗಿಲಿನಲ್ಲಿ ನಿಂತ ಮಗುವಿಗೆ ಇರುವುದು ಅಧಿಕಾರಿಗಳ ದಯೆಯೊಂದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 18 ವರ್ಷದವರೆಗಿನ ಎಲ್ಲರ ವಿದ್ಯಾಭ್ಯಾಸದ ಮಾತನ್ನಾಡಿತು; ಕಾಯಿದೆಯ ಗೆರೆ ಮಾತ್ರ ಇದ್ದಲ್ಲಿಯೇ ಇದೆ.

ಇದಕ್ಕಿಂತಲೂ ಹೆಚ್ಚಿನ ಸೋಜಿಗವು ಪರೀಕ್ಷೆಗಳ ವಿಷಯದಲ್ಲಿದೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು, 14 ವರ್ಷ ತುಂಬಿದ ವಿದ್ಯಾರ್ಥಿಯು ಹತ್ತನೆಯ ತರಗತಿಯ ಮಟ್ಟದ ವ್ಯಾಸಂಗಕ್ಕೆ ತಕ್ಕಷ್ಟು ಓದಿದ್ದೇನೆಂದು ತಾನೇ ಬರೆದುಕೊಟ್ಟರೂ ಸೇರಿಸಿಕೊಳ್ಳುತ್ತದೆ. ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಖಾಸಗಿ ಅಭ್ಯರ್ಥಿಯಾಗಿ ಕುಳಿತುಕೊಳ್ಳುವ ದಾರಿಯುಂಟು. ಎಂದರೆ, ಹತ್ತನೆಯ ತರಗತಿಯ ಪರೀಕ್ಷೆಯನ್ನು ಬರೆಯಲು ಅರ್ಹವೆನಿಸಿದ ಮಗು ಒಂಬತ್ತನೆಯ ತರಗತಿಯ ಪಾಠವನ್ನು ಕೇಳಲು ಅನರ್ಹವೆನಿಸುತ್ತದೆ! ಪರೀಕ್ಷಿಸುವುದಕ್ಕೆ ಸಿದ್ಧವಾಗಿರುವ ವ್ಯವಸ್ಥೆಯು ಕಲಿಸುವುದಕ್ಕೆ ಮಾತ್ರ ಹಿಂಜರಿಯುತ್ತದೆ. "ಮನೆಯಲ್ಲಿಯೇ ಓದಿ ಪರೀಕ್ಷೆಗೆ ಕಟ್ಟಲಿ" ಎಂದು ಹೇಳಿ ಕಳುಹಿಸುವವರು, ಆ ಮಗು ಬಂದದ್ದು ಪ್ರಶಸ್ತಿಪತ್ರಕ್ಕಾಗಿ ಅಲ್ಲ, ಗುರುವಿಗಾಗಿ ಎಂಬುದನ್ನು ಮರೆಯುತ್ತಾರೆ.

ಮನೆಯಲ್ಲಿ ಕಲಿತ ವಿದ್ಯೆಯನ್ನು ನಂಬಲಾಗದೆಂಬ ವಾದಕ್ಕೆ ಅನುಭವವೇ ಉತ್ತರ ಕೊಟ್ಟಿದೆ. 2020ರ ಮಾರ್ಚಿಯಲ್ಲಿ ಕೋವಿಡ್ ಜಾಡ್ಯದಿಂದ ದೇಶದ ಶಾಲೆಗಳೆಲ್ಲ ಮುಚ್ಚಿದಾಗ ಕೋಟ್ಯಂತರ ಮಕ್ಕಳಿಗೆ ಮನೆಯೇ ಶಾಲೆಯಾಯಿತು. ಪರೀಕ್ಷೆಯಿಲ್ಲದೆಯೇ ಅನೇಕ ತರಗತಿಗಳವರನ್ನು ಮೇಲಕ್ಕೇರಿಸಲಾಯಿತು. ಅವರು ಏನನ್ನು ಕಲಿತರೆಂದು ಬಾಗಿಲಿನಲ್ಲಿ ತಡೆದು ಕೇಳಿದವರಿಲ್ಲ. ಕೇಳದೆ ಸೇರಿಸಿಕೊಂಡು ಕೊರತೆಯನ್ನು ತರಗತಿಯೊಳಗೆ ತುಂಬಲೆತ್ನಿಸಿದುದೇ ಸರಿಯಾದ ನಡತೆ. ಅವರಿಗೂ ಗೃಹಶಿಕ್ಷಣದ ಮಗುವಿಗೂ ಇರುವ ಭೇದವೇನು? ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಇದರ ಹೆಸರು ಇರಲಿಲ್ಲ. ಅಷ್ಟೇ.

ಉಪಾಧ್ಯಾಯರ ಪಕ್ಷದಿಂದ ಎರಡು ಆಕ್ಷೇಪಗಳು ಬರುವುದುಂಟು. ಪತ್ರವಿಲ್ಲದೆ ಸೇರಿಸಿಕೊಂಡರೆ ಮೋಸಕ್ಕೆ ಎಡೆಯಾಗುವುದೆಂಬುದು ಮೊದಲನೆಯದು. ಮೋಸವನ್ನು ಕಂಡುಹಿಡಿಯಲು ಒಂದು ದಿನದ ಓದು, ಬರಹ, ಲೆಕ್ಕಗಳೇ ಸಾಕು. ಸುಳ್ಳು ಪತ್ರವನ್ನು ಬರೆಯಿಸಬಹುದು, ಸುಳ್ಳು ವಿದ್ಯೆಯನ್ನು ತೋರಿಸಲಾಗದು. ಎರಡನೆಯದು ಬಾಯಿಬಿಟ್ಟು ಹೇಳದ, ಆದರೆ ಹೆಚ್ಚು ಬಲವಾದ ಆಕ್ಷೇಪ: ಹೊರಗಿನಿಂದ ಬಂದ ಮಗು ಎಸ್.ಎಸ್.ಎಲ್.ಸಿ.ಯಲ್ಲಿ ತಪ್ಪಿದರೆ ಶಾಲೆಯ ಫಲಿತಾಂಶ ಕುಂದುವುದೆಂಬ ಭಯ. ಈ ಭಯವು ಮುಖ್ಯೋಪಾಧ್ಯಾಯರ ಸ್ವಭಾವದೋಷವಲ್ಲ. ಶೇಕಡಾವಾರು ಲೆಕ್ಕದಿಂದಲೇ ಶಾಲೆಗಳ ಯೋಗ್ಯತೆಯನ್ನು ಅಳೆಯುವ ಪದ್ಧತಿ ಅದನ್ನು ಹುಟ್ಟಿಸಿತು. ಆದರೂ ರೋಗಿಯು ಸತ್ತಾನೆಂಬ ಭಯದಿಂದ ಆಸ್ಪತ್ರೆಯ ಬಾಗಿಲನ್ನು ಮುಚ್ಚುವ ವೈದ್ಯನನ್ನು ಯಾರೂ ಹೊಗಳರು.

ಇಷ್ಟು ಹೇಳಿದ ಮೇಲೆ ತಂದೆತಾಯಿಗಳ ಕಡೆಗೂ ತಿರುಗಬೇಕಾಗಿದೆ. ಮಕ್ಕಳನ್ನು ಮನೆಯಲ್ಲಿ ಓದಿಸುವವರಲ್ಲಿ ಕೆಲವರಿಗೆ, ಮಗು ಶಾಲೆಗೆ ಹೋಗಬಯಸಿದರೆ ತಮ್ಮ ತತ್ತ್ವವೇ ಸೋತಂತೆ ತೋರುತ್ತದೆ. ರವೀಂದ್ರನಾಥ ಠಾಕೂರರು ಶಾಲೆಯನ್ನು ಬಿಟ್ಟು ಮನೆಯಲ್ಲಿ ಓದಿದವರೆಂದು ಅವರು ಉದಾಹರಿಸುತ್ತಾರೆ. ಆ ಠಾಕೂರರೇ 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯೊಂದನ್ನು ತೆರೆದರೆಂಬುದನ್ನು ಹೇಳುವುದಿಲ್ಲ. ಇನ್ನೂ ಗಂಭೀರವಾದ ನಿದರ್ಶನವು ಗಾಂಧೀಜಿಯವರ ಮನೆಯದು. 1897ರಲ್ಲಿ ಮಕ್ಕಳೊಡನೆ ದಕ್ಷಿಣ ಆಫ್ರಿಕಕ್ಕೆ ಮರಳಿದಾಗ, ಇತರ ಭಾರತೀಯ ಮಕ್ಕಳಿಗೆ ಪ್ರವೇಶವಿಲ್ಲದ ಯೂರೋಪಿಯನ್ನರ ಶಾಲೆಗೆ ತಮ್ಮ ಮಕ್ಕಳನ್ನು ಮಾತ್ರ ಕಳುಹಿಸಲು ಅವರು ಒಪ್ಪದೆ, ಬಹುಮಟ್ಟಿಗೆ ಮನೆಯಲ್ಲಿಯೇ ಓದಿಸಿದರು. ಆ ನಿರ್ಧಾರದ ಹಿಂದಿದ್ದ ಸ್ವಾಭಿಮಾನವು ಪೂಜ್ಯವಾದುದು. ಆದರೂ ಶಾಲೆಯ ವಿದ್ಯೆ ದೊರೆಯಲಿಲ್ಲವೆಂಬ ಕೊರಗು ಮಕ್ಕಳಲ್ಲಿ ಉಳಿಯಿತೆಂದು ಆ ಮಹಾತ್ಮರೇ ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ಹಿರಿಯ ಮಗ ಹರಿಲಾಲರು 1911ರಲ್ಲಿ, ವಿವಾಹವಾದ ಇಪ್ಪತ್ತಮೂರರ ಪ್ರಾಯದ ತರುಣರಾಗಿ, ತಂದೆಯನ್ನು ಬಿಟ್ಟು ಭಾರತಕ್ಕೆ ಬಂದು ಅಹಮದಾಬಾದಿನಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಓದತೊಡಗಿದರು. ಮರಳಿ ಮರಳಿ ಯತ್ನಿಸಿದರೂ ತೇರ್ಗಡೆಯಾಗಲಿಲ್ಲ. ಹದಿನಾಲ್ಕರಲ್ಲಿ ದಾಟಬೇಕಾದ ಹೊಸಲನ್ನು ಇಪ್ಪತ್ತಮೂರರಲ್ಲಿ ದಾಟುವ ಕಷ್ಟವೆಂತಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಂತಹ ಮಹನೀಯರ ಮನೆಯಲ್ಲಿಯೇ ಹೀಗಾದ ಮೇಲೆ, ಮಗುವಿನ ಇಷ್ಟವನ್ನು ಕೇಳದೆ ತಮ್ಮ ತತ್ತ್ವವನ್ನು ಮುಂದೊಡ್ಡುವ ಸಾಮಾನ್ಯ ಗೃಹಸ್ಥರು ಎಷ್ಟು ಎಚ್ಚರದಿಂದಿರಬೇಕು!

ಆದುದರಿಂದ ಎರಡು ಕಡೆಯವರಿಗೂ ಮಾಡತಕ್ಕ ಕೆಲಸವಿದೆ. ಮನೆಯಲ್ಲಿ ಓದಿಸುವವರು ವರ್ಷವರ್ಷಕ್ಕೂ ಮಗುವಿನ ಬರಹದ ಪುಸ್ತಕಗಳನ್ನೂ, ಮುಗಿಸಿದ ಪಾಠಗಳ ಪಟ್ಟಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು. ರಾಜ್ಯದ ಪಠ್ಯಪುಸ್ತಕಗಳನ್ನು ಕೀಳೆಂದು ತಳ್ಳದೆ ಮಗುವಿಗೆ ಪರಿಚಯ ಮಾಡಿಸಬೇಕು. ಹನ್ನೆರಡು ಹದಿಮೂರರಲ್ಲಿಯೇ ಅದರ ಮನಸ್ಸನ್ನು ಕೇಳಿ, ಕಾಯಿದೆಯ ಆಸರೆಯಿರುವ ಎಂಟನೆಯ ತರಗತಿಯಲ್ಲಿಯೇ ಸೇರಿಸಲು ನೋಡಬೇಕು. ವಿದ್ಯಾ ಇಲಾಖೆಯಾದರೋ, ಪತ್ರವಿಲ್ಲದೆ ಬಂದ ಮಗುವನ್ನು ಮೊದಲು ತಾತ್ಕಾಲಿಕವಾಗಿ ಸೇರಿಸಿಕೊಂಡು, ಬಳಿಕ ಭಾಷೆ, ಗಣಿತ, ವಿಜ್ಞಾನಗಳಲ್ಲಿ ಅದರ ಮಟ್ಟವನ್ನು ನೋಡಿ ತರಗತಿಯನ್ನು ಗೊತ್ತುಮಾಡುವಂತೆ ಸ್ಪಷ್ಟವಾದ ಆಜ್ಞೆಯೊಂದನ್ನು ಹೊರಡಿಸಬೇಕು. ಆ ಪರೀಕ್ಷೆಯು ಎಲ್ಲಿ ಕೂರಿಸಬೇಕೆಂಬುದನ್ನು ತಿಳಿಯುವುದಕ್ಕೆ ಇರತಕ್ಕದ್ದೇ ಹೊರತು, ಹೊರಗೆ ಹಾಕುವುದಕ್ಕಲ್ಲ. ಸಂಖ್ಯೆಯಿಲ್ಲದಿದ್ದರೆ ಶಾಲೆಯೇ ಹೊಸ ಸಂಖ್ಯೆಯನ್ನು ಪಡೆಯಲಿ. ಅದಕ್ಕಾಗಿ ಮಗು ಒಂದು ವರ್ಷವನ್ನು ಕಳೆದುಕೊಳ್ಳಬೇಕಾಗಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೆಚ್ಚಿನ ವೆಚ್ಚವಿಲ್ಲ. ಸಾರ್ವಜನಿಕ ಶಾಲೆಯೆಂಬ ಹೆಸರಿಗೆ ಅರ್ಥವಿರಬೇಕಾದರೆ, ಎಲ್ಲಿ ಕಲಿತು ಬಂದರೂ ಮುಂದೆ ಕಲಿಯಬಯಸುವ ಮಗುವಿಗೆ ಅಲ್ಲಿ ಎಡೆಯಿರಬೇಕು. ಕಲಿಯಲು ಬಂದ ಮಗುವನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಯಾವ ಕಾಗದಕ್ಕೂ ಇರಕೂಡದು.